ಗೋಡೆಯಾಚೆಯ ಕೋಳಿಜುಟ್ಟು

ಮಣ್ಣೂರಿಗೆ ಸೊಸೆಯಾಗಿ ಬಂದ ಎಂಟನೇ ತಿಂಗಳಿಗೆ ಭುವನೇಶ್ವರಿಗೆ ಪಕ್ಕದ ಮನೆಯ ಪ್ಯಾರಿಬಿಯ ಮೇಲೆ ಅನುಮಾನ ಹುಟ್ಟಿತು. ಸಂಕ್ರಾಂತಿಗೆ ಇನ್ನೂ ಹದಿನೈದು ದಿನವಿತ್ತು. ಕೋಳಿಜುಟ್ಟಿನ ಹೂವಿನ ಒಂದು ಹಿಡಿ ಸಸಿ ಕೊಟ್ಟು ಪ್ಯಾರಿಬಿ ಹೇಳಿದ್ದಳು: "ಈಗ ಹಚ್ಚಬ್ಯಾಡ ಬೇಟಿ. ಥಂಡಿ ಹೋಗಲಿ. ಇವು ಭಾಳ ನಾಜೂಕು."

ಅದೇ ಸಂಜೆ ಅವಳೇ ತನ್ನ ಹಿತ್ತಲಲ್ಲಿ ಕುಳಿತು ಅವೇ ಸಸಿಗಳನ್ನು ನೆಡುತ್ತಿದ್ದಳು! ತನ್ನ ಹೂವೇ ಮೊದಲು ಅರಳಲಿ ಎಂಬ ಆಸೆ ಇರಬೇಕು. ಭುವನೇಶ್ವರಿ ಮರುದಿನವೇ ತನ್ನವನ್ನೂ ಅಂಗಳದಲ್ಲಿ ನೆಟ್ಟಳು.

ನಾಲ್ಕನೇ ದಿನ ಭೀಮಾ ನದಿಯ ಕಡೆಯಿಂದ ಕೊರೆಯುವ ಗಾಳಿ ಬೀಸಿತು. ಬೆಳಗಾಗುವಷ್ಟರಲ್ಲಿ ಸಸಿಗಳು ಬೆಂದ ಸೊಪ್ಪಿನಂತೆ ಕಪ್ಪಾಗಿ ಮಲಗಿದ್ದವು.

"ಕೈಗುಣ ನೋಡಿದ್ಯಾ!" ಅತ್ತೆ ಗುರುಶಾಂತಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಸೋಮವಾರ ಶೇಂಗಾ ಬಿತ್ತಗಿ ಐತಿ. ಬೀಜಕ್ಕ ನೀ ಕೈ ಹಚ್ಚಬ್ಯಾಡ ಬೇ."

ತವರೂರು ಅತನೂರಿನಲ್ಲಿ ಪ್ರತಿ ವರ್ಷ ಮೊದಲ ಹಿಡಿ ಬೀಜ ಬಿತ್ತುತ್ತಿದ್ದವಳು ಭುವನೇಶ್ವರಿಯೇ. ಈಗ ಆ ಕೈಯೇ ಕೆಟ್ಟದ್ದಾಯಿತು. ಗೋಡೆಯಾಚೆ ನೋಡಿದರೆ ಪ್ಯಾರಿಬಿಯ ಸಸಿಗಳು ಹಸಿರಾಗಿ ನಿಂತಿದ್ದವು. ಏನೋ ಮಾಡುತ್ತಾಳೆ ಇವಳು.

ಮೂರು ಮುಂಜಾನೆ ಕದ್ದು ನೋಡಿದಳು. ಪ್ಯಾರಿಬಿ ಬರುತ್ತಿದ್ದಳು, ಕೋಳಿಗೆ ಕಾಳು ಚೆಲ್ಲುತ್ತಿದ್ದಳು, ಹೋಗುತ್ತಿದ್ದಳು. ಅಷ್ಟೇ. ಮೂರನೇ ದಿನ ಮಾತ್ರ ಒಂದು ಸಂಗತಿ ಕಣ್ಣಿಗೆ ಬಿತ್ತು. ಅಷ್ಟು ದೊಡ್ಡ ಹಿತ್ತಲಿದ್ದರೂ ಸಸಿಗಳೆಲ್ಲ ಗೋಡೆಗೆ ಅಂಟಿಕೊಂಡೇ ಇದ್ದವು. ಅದು ತಮ್ಮದೇ ಬಚ್ಚಲಿನ ಮೋಟು ಗೋಡೆ. ಈಚೆ ಹಂಡೆಯ ಒಲೆ ಉರಿಯುತ್ತಿತ್ತು. ಭುವನೇಶ್ವರಿ ಗೋಡೆಯ ಮೇಲಿಂದ ಬಗ್ಗಿ ಆಚೆಯ ಮಗ್ಗುಲು ಮುಟ್ಟಿದಳು. ಬೆಚ್ಚಗಿತ್ತು.

"ಏನ ಹುಡುಕಾಕತ್ತಿ?" ಪ್ಯಾರಿಬಿ ತನ್ನ ಹಿತ್ತಲ ಬಾಗಿಲಲ್ಲೇ ನಿಂತಿದ್ದಳು.

"ನಿಮ್ಮ ಗುಟ್ಟು, ಚಾಚಿ."

ಪ್ಯಾರಿಬಿ ಸೆರಗು ಬಾಯಿಗೆ ಒತ್ತಿಕೊಂಡಳು. "ಹೇಳಿದ್ರ ನಿಮ್ಮತ್ತಿ ಒಲಿನ ಕಿತ್ತು ಬ್ಯಾರೆ ಕಡಿ ಹಾಕಸ್ತಾಳ ಅಂತ ಅಂಜಿದ್ನಿ."

"ಆಕಿ ನನ್ನ ಕೈ ಕೆಟ್ಟದ್ದು ಅನ್ನಾಕತ್ತಾಳ್ರಿ."

ಪ್ಯಾರಿಬಿ ಒಮ್ಮೆ ಸಸಿಗಳ ಕಡೆ ನೋಡಿದಳು. ಆಮೇಲೆ ತಾನೇ ಈಚೆ ಬಂದು ಗುರುಶಾಂತಮ್ಮನನ್ನು ತನ್ನ ಹಿತ್ತಲಿಗೆ ಕರೆದುಕೊಂಡು ಹೋಗಿ, ಅವಳ ಅಂಗೈಯನ್ನು ಗೋಡೆಗೆ ಒತ್ತಿದಳು. "ತಪ್ಪು ಥಂಡೀದು ಅಕ್ಕಾ. ಹುಡಿಗೀದಲ್ಲ."

"ಕಟಗಿ ನಮ್ದು, ಹೂ ನಿಂದು!" ಗುರುಶಾಂತಮ್ಮ ಕಣ್ಣು ಕಿರಿದು ಮಾಡಿದಳು. "ಎಷ್ಟ ವರ್ಷ ಆತು?"

"ಏಳು ವರ್ಷ."

ಗುರುಶಾಂತಮ್ಮನ ಕೈ ಇನ್ನೂ ಬೆಚ್ಚಗಿನ ಗೋಡೆಯ ಮೇಲೇ ಇತ್ತು.

"ಸೋಮವಾರ ನಸುಕಿನ್ಯಾಗ ಲಗೂ ಏಳು," ಎಂದಳು, ಸೊಸೆಯ ಕಡೆ ತಿರುಗದೆ. "ಮೊದಲನೇ ಹಿಡಿ ನೀನ ಹಾಕು."