ರಾಣಿಯ ಉಪವಾಸ

ಮೈಸೂರಿನಿಂದ ತಂತಿ ಬಂದ ದಿನ ಬದರಿನಾಥರು ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಹೊಯ್ದುಕೊಂಡರು. ಮಗಳ ಬಾಣಂತನಕ್ಕೆಂದು ಹೋಗಿದ್ದ ತಂಗಿ ಸತ್ಯಭಾಮಾ ಎದೆನೋವಿನಿಂದ ತೀರಿಕೊಂಡಿದ್ದಳು. ತಂತಿ ಕೈಸೇರುವ ಹೊತ್ತಿಗೆ ಸಂಸ್ಕಾರವೂ ಮುಗಿದಿತ್ತು. ಗಂಡ ಹೋದ ಮೇಲೆ ಜಯನಗರದ ಅಣ್ಣನ ಮನೆಯಲ್ಲೇ ಇದ್ದವಳು. ಕೊನೆಗೆ ಮುಖ ನೋಡಲೂ ಸಿಗಲಿಲ್ಲ.

ಅವಳು ಸಾಕಿದ್ದ ನಾಯಿ ರಾಣಿ ಹಿತ್ತಿಲಲ್ಲಿ ಗೋಣಿಚೀಲದ ಮೇಲೆ ಮುದುರಿಕೊಂಡಿತ್ತು. ಪ್ರತಿ ಸಲವೂ ಮರಿಗಳು ಬೀದಿಪಾಲಾಗುವುದನ್ನು ಸಹಿಸಲಾರದೆ, ಮೂರು ದಿನದ ಕೆಳಗೆ ಊರಿಗೆ ಹೊರಡುವ ಮುಂಚೆ ಸತ್ಯಭಾಮಾ ದನದ ಆಸ್ಪತ್ರೆಯಲ್ಲಿ ಅದರ ಗರ್ಭಕೋಶ ತೆಗೆಸಿದ್ದಳು. ನೋವಿನ ಪುಡಿಯ ಪೊಟ್ಟಣಗಳನ್ನು ಅತ್ತಿಗೆ ಚೂಡಾಮಣಿಯ ಕೈಗೆ ಕೊಟ್ಟು, ತಪ್ಪದೆ ಗಂಜಿಯಲ್ಲಿ ಕಲಸಿ ಹಾಕುವಂತೆ ಹೇಳಿ ಹೋಗಿದ್ದಳು. ಆ ದಿನ ರಾಣಿ ಗಂಜಿಯನ್ನು ಮೂಸಲೂ ಇಲ್ಲ, ಕುಂಯ್ ಎನ್ನಲೂ ಇಲ್ಲ.

ವಿಚಾರಿಸಲು ಬಂದ ಪಕ್ಕದ ಮನೆಯ ಶಾಮಣ್ಣ ಅದನ್ನು ಕಂಡು ಕಣ್ಣೊರೆಸಿಕೊಂಡ.

“ಅಮ್ಮಾವ್ರು ಹೋಗಿದ್ದು ಅದಕ್ಕೂ ಗೊತ್ತಾಗ್ಬಿಟ್ಟಿದೆ ಸ್ವಾಮಿ. ಉಪವಾಸ ಕೂತಿದೆ. ಬಲವಂತ ಮಾಡ್ಬೇಡಿ.”

ಎಲ್ಲರಿಗೂ ಹೌದೆನ್ನಿಸಿತು. ಬಂದವರೆಲ್ಲ ಆ ಮೂಕಪ್ರಾಣಿಗೆ ಕೈಮುಗಿದು ಹೋದರು. ಪುಡಿಯ ನೆನಪು ಯಾರಿಗೂ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬದರಿನಾಥರ ಮನಸ್ಸು ತಡೆಯದಾಯಿತು. ರಾಣಿಯ ಬೆನ್ನು ಬಿಲ್ಲಿನಂತೆ ಬಾಗಿತ್ತು. ಮಲಗಿದ್ದರೂ ಏದುಸಿರು. ಮೂಗಿನ ಮೇಲೆ ನೊಣ ಕೂತರೂ ತಲೆ ಕೊಡವುತ್ತಿರಲಿಲ್ಲ. ಇದೂ ಹೋಗಿಬಿಟ್ಟರೆ? ಖಾಲಿ ಸೈಟುಗಳ ನಡುವಿನ ಕಾಲುದಾರಿ ಹಿಡಿದು ಅವರು ದನದ ಡಾಕ್ಟರ ಮನೆಗೆ ಓಡಿದರು.

ಡಾಕ್ಟರು ಬಂದು ಒಸಡು ನೋಡಿದರು, ಹೊಲಿಗೆ ನೋಡಿದರು. ಹೊಟ್ಟೆಯ ಪಕ್ಕ ಬೆರಳಿಟ್ಟೊಡನೆ ರಾಣಿಯ ಮೈಯೆಲ್ಲ ಬಿಗಿಯಿತು.

“ದುಃಖ ಇದೆಯೋ ಇಲ್ವೋ ನಾನು ಹೇಳಲಾರೆ ಸ್ವಾಮಿ. ಇದು ಮಾತ್ರ ನೋವು. ಹೊಟ್ಟೆ ಕೊಯ್ದು ಹೊಲಿದಿದೀವಲ್ಲ. ಎಷ್ಟೋ ನಾಯಿ ಕೂಗೋದೇ ಇಲ್ಲ, ಹೀಗೇ ನುಂಗ್ಕೊಂಡು ಬಿದ್ದಿರುತ್ತೆ. ಇವತ್ತು ಪುಡಿ ಹಾಕಲಿಲ್ವಾ?”

ಚೂಡಾಮಣಿ ಒಳಗಿನಿಂದ ಪೊಟ್ಟಣಗಳನ್ನು ತಂದಿಟ್ಟಳು. ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟರು. ಬರಿಹೊಟ್ಟೆಗೆ ಪುಡಿ ಹಾಕಬಾರದು, ಮನುಷ್ಯರ ಮಾತ್ರೆಯನ್ನಂತೂ ಕೊಡಲೇಬಾರದು, ಗಾಯ ನೆಕ್ಕಲು ಬಿಡಬಾರದು ಎಂದರು. ಸಂಜೆಯೊಳಗೆ ನಾಲ್ಕು ಚಮಚ ಗಂಜಿ ಇಳಿದರೆ ಭಯವಿಲ್ಲವೆಂದು ಹೇಳಿ ಹೋದರು.

ಸಂಜೆ ಬದರಿನಾಥರು ತಾವೇ ಗಂಜಿಯ ಬಟ್ಟಲು ಹಿಡಿದು ರಾಣಿಯ ಪಕ್ಕ ಕುಳಿತರು. ಅದುವರೆಗೆ ಅವರು ನಾಯಿಯನ್ನು ಮುಟ್ಟಿದವರಲ್ಲ.

“ನಾನು ತಿನ್ನಿಸ್ತೀನಿ ಬಿಡಿ, ನಿಮಗೆ ಮೈಲಿಗೆ,” ಎಂದಳು ಚೂಡಾಮಣಿ.

“ಇರಲಿ ಕಣೆ.”

ಮೊದಲ ಚಮಚ ಕಟವಾಯಿಂದ ಸೋರಿಹೋಯಿತು. ಎರಡನೆಯದೂ ಅಷ್ಟೇ. ಅವರು ಚಮಚ ಕೆಳಗಿಟ್ಟರು. ಬೆರಳಿಗೆ ಗಂಜಿ ಸವರಿ ಮೂತಿಯ ಬಳಿ ಹಿಡಿದರು. ಬಹಳ ಹೊತ್ತಿನ ಮೇಲೆ ನಾಲಿಗೆ ಹೊರಬಂತು. ನಾಲ್ಕಾರು ಬಾರಿ ನೆಕ್ಕಿದ ಮೇಲೆ ಪುಡಿಯೂ ಒಳಗೆ ಹೋಯಿತು. ಕ್ರಮೇಣ ಬೆನ್ನಿನ ಬಿಗಿ ಸಡಿಲವಾಗಿ, ರಾಣಿ ಪಕ್ಕಕ್ಕೆ ಕಾಲು ಚಾಚಿ ನಿದ್ದೆಹೋಯಿತು.

ಬದರಿನಾಥರು ಅಲ್ಲೇ ಕುಳಿತು ಕೈಮುಗಿದರು. “ನಾರಾಯಣ, ನನ್ನ ತಂಗಿ ಎಷ್ಟು ನೋವು ನುಂಗಿದಳೋ ನಾನು ಕಾಣೆ. ಇನ್ನು ಅವಳಿಗೆ ಯಾವ ನೋವೂ ಬೇಡ. ಆ ಜೀವವನ್ನು ನಿನ್ನ ಪಾದದಲ್ಲಿ ತಣ್ಣಗಿಡು ತಂದೆ.”