ಎಡಬದಿಯ ಮೂರು ಹಲಗೆ

ಲೆಂಪಿಯ ಬಲಗೈಯಲ್ಲಿ ಎರಡು ಬೆರಳಿರಲಿಲ್ಲ. ಐದು ವರ್ಷದ ಹಿಂದೆ ಈರಿ ಸರೋವರದಲ್ಲಿ, ಗಾಳದ ಸಿಕ್ಕು ಬಿಡಿಸುವಾಗ, ಎಳೆಗಳನ್ನು ಹೆಣೆದು ಮಾಡಿದ ದಾರವನ್ನು ಕೈಗೆ ಸುತ್ತಿಕೊಂಡಿದ್ದಳು. ದೋಣಿ ಓಡುತ್ತಲೇ ಇತ್ತು. ಗಾಳವನ್ನು ದೋಣಿಯಿಂದ ಪಕ್ಕಕ್ಕೆ ದೂರ ಒಯ್ಯುವ ತೇಲುಹಲಗೆ ಜೋರಾಗಿ ಎಳೆಯಿತು. ಅಂದಿನಿಂದ ಅವಳ ರೀಲುಗಳಲ್ಲಿ ಒಂಟಿ ಎಳೆಯ ನೈಲಾನ್ ತಂಗೂಸಿ ಮಾತ್ರ.

"ಹೆದರಿಕೆಗೆ ತಂಗೂಸಿ ಅಂತ ಹೆಸರಿಟ್ಟಿದೀರಿ, ಅತ್ತಿಗೆ," ಎಂದು ಮೈದುನ ರೀನೋ ಬಂದರಿನಲ್ಲಿ ಎಲ್ಲರೆದುರೂ ಹೇಳುತ್ತಿದ್ದ.

"ತಂಗೂಸಿ ಜಗ್ಗುತ್ತೆ ಕಣೋ. ಮೀನು ಒದ್ದಾಡಿದ್ರೂ ಬಾಯಿ ಹರಿಯಲ್ಲ. ನಿನ್ನ ದಾರ ಜಗ್ಗಲ್ಲ, ಕೊಯ್ಯುತ್ತೆ."

"ಕೊಯ್ಸ್ಕೊಂಡೋರು ಹೇಳಿದ್ಮೇಲೆ ಕೇಳ್ಲೇಬೇಕಪ್ಪ."

ದೋಣಿ ರೀನೋ ಮತ್ತು ಅವನ ಅಣ್ಣ ಒನ್ನಿ ಇಬ್ಬರದು. ಚಳಿಗಾಲದಲ್ಲಿ ಹಿಮಗಡ್ಡೆಯ ಮೇಲೆ ಜಾರಿ ಸೊಂಟ ಮುರಿದುಕೊಂಡ ಒನ್ನಿ ಚುಕ್ಕಾಣಿಯನ್ನು ಹೆಂಡತಿ ಲೆಂಪಿಗೆ ಕೊಟ್ಟಿದ್ದ. ರೀನೋಗೆ ಅದು ನುಂಗಲಾರದ ತುತ್ತು. ಕೊನೆಗೆ ಅವನೇ ಪಂದ್ಯ ಕಟ್ಟಿದ. ಅಷ್ಟಬ್ಯೂಲಾ ಬಂದರಿನ ಮೀನುಗಾರರ ಸಂಘದ ಮೇ ಸ್ಪರ್ಧೆಯಲ್ಲಿ, ಮೂರು ಗಂಟೆಯ ತೂಕಕ್ಕೆ ಐದು ವಾಲ್‌ಐ ಮೀನು ತಂದರೆ ಚುಕ್ಕಾಣಿ ಅವಳದು. ಒಂದು ಕಮ್ಮಿಯಾದರೂ ಅವನದು. ಲೆಂಪಿ ಒಪ್ಪಿದಳು.

ಒಂದೂವರೆ ಹೊತ್ತಿಗೆ ಐಸಿನ ಪೆಟ್ಟಿಗೆಯಲ್ಲಿ ನಾಲ್ಕು ಮೀನಿದ್ದವು. ಬಲಬದಿಯ ಮೂರು ದಾರ ಅವಳದು, ಎಡಬದಿಯ ಮೂರು ರೀನೋದು; ಒಂದೊಂದಕ್ಕೂ ಒಂದು ತೇಲುಹಲಗೆ. ಅವನು ಏಲಕ್ಕಿ ಬನ್ನು ಅಗಿಯುತ್ತ ಕೂತಿದ್ದ. ಆಮೇಲೆ ಒಂದು ಗಂಟೆ ಏನೂ ಕಚ್ಚಲಿಲ್ಲ.

ಎರಡೂವರೆಗೆ ಎಡಬದಿಯ ಹೊರಗಿನ ಹಲಗೆ ಜಾರಿ ಹಿಂದೆ ಬಿತ್ತು. ಮೀನಲ್ಲ. ಹಲಗೆ ದಾರದಗುಂಟ ಸರಿದು ಪಕ್ಕದ ಎರಡು ದಾರಗಳ ಮೇಲೆ ಅಡ್ಡ ಹೋಯಿತು. ಮೂರೂ ಸುತ್ತಿಕೊಂಡವು. ಲೆಂಪಿ ಚುಕ್ಕಾಣಿಗೆ ಹಗ್ಗ ಬಿಗಿದು ಹಿಂದಕ್ಕೆ ಬಂದಳು. ಹೊರಗಿನ ರೀಲಿನಲ್ಲಿ ಹಸಿರು, ಸಪೂರ, ಹೆಣೆದ ದಾರ.

"ಯಾವಾಗ ಸುತ್ತಿದ್ಯೋ ಇದನ್ನ?"

"ನಿನ್ನೆ. ಒಂದು ಮೀನಾದ್ರೂ ಇದಕ್ಕೆ ಬಿದ್ರೆ ದಾರದ ವಾದದಲ್ಲಿ ಗೆದ್ದೋನು ನಾನೇ ಅಲ್ವಾ?"

"ಹಲಗೆ ಹಿಡಿಯೋ ಕ್ಲಿಪ್ಪಿಗೆ ದಾರ ಎಷ್ಟು ಸುತ್ತು ಹಾಕ್ದೆ?"

"ಸುತ್ತಾ? ಹಾಗೇ ಸಿಗಿಸ್ದೆ."

"ಅದು ತಂಗೂಸಿ ಕಚ್ಚೋ ಕ್ಲಿಪ್ಪು. ನಿನ್ನ ದಾರ ಜಾರದಿರೋಕೆ ಮೂರು ಸುತ್ತು ಬೇಕು. ಇಡೀ ಬಂದರಿಗೆ ಪಾಠ ಹೇಳ್ತೀಯ, ಇಷ್ಟು ಗೊತ್ತಿಲ್ವಾ?"

ಅಷ್ಟರಲ್ಲಿ ಬಲಬದಿಯ ನಡುವಿನ ಹಲಗೆ ತಡೆತಡೆದು ಹಿಂದೆ ಸರಿಯತೊಡಗಿತು. ಇದು ಮೀನು.

"ಎಂಜಿನ್ ನಿಲ್ಸಿ!" ರೀನೋ ಕೂಗಿದ. "ನಂದು ಬಿಡಿಸ್ಕೋತೀನಿ!"

"ನಿಲ್ಸಲ್ಲ. ನಿಲ್ಸಿದ್ರೆ ಆ ದಾರ ಸಡಿಲ ಬಿದ್ದು ಮೀನು ಗಾಳ ಉಗುಳುತ್ತೆ."

"ಹೊಸ ಹಲಗೆ ಅತ್ತಿಗೆ, ಮೂರೂ!"

ಅವನು ಹಸಿರು ದಾರ ಹಿಡಿದು ಅಂಗೈಗೆ ಎರಡು ಸುತ್ತು ಸುತ್ತಿ ಎಳೆದ. ಮೂರು ಹಲಗೆಗಳ ಭಾರ ಒಮ್ಮೆಲೇ ಬಿತ್ತು. ದಾರ ಅಂಗೈಯನ್ನು ಕೊರೆಯತೊಡಗಿತು. ಲೆಂಪಿ ಸೊಂಟದ ಚಾಕು ತೆಗೆದು ಅವನ ಮುಷ್ಟಿಯ ಆಚೆಗೆ ದಾರ ಕತ್ತರಿಸಿದಳು. ಮತ್ತೆ, ಮೀನಿನ ದಾರಕ್ಕೂ ಸಿಕ್ಕು ಬೀಳದಂತೆ, ಉಳಿದೆರಡನ್ನೂ.

"ಏನ್ ಮಾಡಿದ್ರಿ!"

"ಕಾಣ್ಸ್ತಿಲ್ವಾ? ಬಲೆ ತಗೋ."

ರೀನೋನ ಅಂಗೈಯಲ್ಲಿ ಎರಡು ಕೆಂಪು ಗೆರೆ ಎದ್ದಿದ್ದವು. ಅವನು ಎಡಗೈಯಲ್ಲಿ ಬಲೆ ಹಿಡಿದ. ಲೆಂಪಿ ಮೂರೇ ಬೆರಳಲ್ಲಿ ರೀಲು ತಿರುಗಿಸಿದಳು. ಹಲಗೆ ಹತ್ತಿರ ಬಂದಾಗ ಅವಳೇ ಬಗ್ಗಿ ಅದನ್ನು ದಾರದಿಂದ ಕಿತ್ತಳು. ತಂಗೂಸಿ ಜಗ್ಗಿತು, ಮೀನು ಎರಡು ಸಲ ತಲೆ ಒದರಿತು, ಗಾಳ ಕೂತಲ್ಲೇ ಕೂತಿತ್ತು. ಬಲೆಗೆ ಬಿತ್ತು. ಐದು.

"ವಾಪಸ್ ಹೋಗಿ ಹಲಗೆ ಹುಡುಕೋಣ," ಎಂದ ರೀನೋ. "ತೇಲ್ತಿರ್ತವೆ."

"ಮೂರಕ್ಕೆ ತೂಕ. ಹತ್ತು ನಿಮಿಷ ತಡ ಆದ್ರೆ ನಿಂಗೆ ಚುಕ್ಕಾಣಿ, ಅಲ್ವಾ? ಕೂತ್ಕೊ ಸುಮ್ನೆ."

ಅವನು ಕೂತ. ಮೂರಕ್ಕೆ ಹತ್ತು ನಿಮಿಷವಿರುವಾಗ ಬಂದರಿನ ಗೋಡೆ ಕಾಣುವವರೆಗೂ ಅಂಗೈ ಉಜ್ಜಿಕೊಳ್ಳುತ್ತಿದ್ದ.

"ಅಣ್ಣನಿಗೆ ಏನಂತ ಹೇಳ್ತೀರಿ?"

"ಏನೇನು ಹೋಯ್ತೋ ಅದನ್ನ."

ಅವಳು ಆಗಲೇ ಎಣಿಸಿಟ್ಟಿದ್ದಳು: ಮೂರು ಹಲಗೆ, ಗಾಳಕ್ಕೆ ಕಟ್ಟಿದ ಮೂರು ಪ್ಲಾಸ್ಟಿಕ್ ಮೀನು, ನಾನೂರು ಅಡಿ ದಾರ.