ಅಮ್ಮಂದಿರ ಓಟಕ್ಕೆ ಬಂದ ಅಣ್ಣ

ಅಮ್ಮ-ಮಕ್ಕಳ ಮೂರು ಕಾಲಿನ ಓಟಕ್ಕೆ ಹದಿನೇಳು ವರ್ಷದ ಗಂಡುಹುಡುಗ ಬಂದು ನಿಂತರೆ ಜನ ಸುಮ್ಮನಿರುತ್ತಾರಾ? ಶಾಲೆಯ ಮೈದಾನವೇ ಮುಸಿಮುಸಿ ನಗುತ್ತಿತ್ತು. ಬೇಲಿಯಾಚೆ ಅವನ ಕಾಲೇಜಿನ ಗೆಳೆಯರ ದಂಡು ಕೂತು ಶಿಳ್ಳೆ ಹೊಡೆಯುತ್ತಿತ್ತು. ನಾಚಿಕೆಗೆ ಅವನ ಕಿವಿ ಕೆಂಪಾಗಿದ್ದು ನಿಜ. ಆದರೆ ಎದೆ ಡವಡವ ಅನ್ನುತ್ತಿದ್ದದ್ದು ನಾಚಿಕೆಗಲ್ಲ, ಗೆಲ್ಲುವ ಹುಚ್ಚಿಗೆ.

ಅವನ ತಂಗಿಗೆ ಏಳು ವರ್ಷ. ಮನೆಯಲ್ಲೂ ಬೀದಿಯಲ್ಲೂ ಪಟಾಕಿ ಅಂತಲೇ ಹೆಸರು. ಅಮ್ಮ ತೀರಿಕೊಂಡು ಎರಡು ವರ್ಷ. ಅಪ್ಪ ಲಾರಿ ಡ್ರೈವರು, ವಾರಕ್ಕೊಮ್ಮೆ ಮುಖ ತೋರಿಸಿದರೆ ಪುಣ್ಯ. ಜಡೆ ಹಾಕುವುದು, ಡಬ್ಬಿ ಕಟ್ಟುವುದು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಇಡುವುದು, ಎಲ್ಲ ಅಣ್ಣನ ತಲೆಗೇ ಬಂದಿತ್ತು. ಹೋದ ವರ್ಷ ಈ ಓಟದ ಹೊತ್ತಿಗೆ ಪಟಾಕಿ ಹೊಟ್ಟೆನೋವು ಅಂತ ಸುಳ್ಳು ಹೇಳಿ ನೀರಿನ ಟ್ಯಾಂಕಿನ ಹಿಂದೆ ಒಬ್ಬಳೇ ಕೂತಿದ್ದಳಂತೆ. ಈ ಸಲ ಯಾರನ್ನೂ ಕೇಳದೆ ಹೆಸರು ಕೊಟ್ಟು ಬಂದಳು. "ನೀನು ಬರ್ಲಿಲ್ಲ ಅಂದ್ರೆ ನಾನು ಶಾಲೆಗೇ ಹೋಗಲ್ಲ!" ಘಾಟಿ ಹುಡುಗಿ!

ಅಭ್ಯಾಸಕ್ಕೆ ಜಾಗ ಎಲ್ಲಿದೆ? ಅಡುಗೆಮನೆಯಿಂದ ಬಚ್ಚಲವರೆಗಿನ ಇಕ್ಕಟ್ಟು ಓಣಿಯೇ ಮೈದಾನ. ಹಾಲು ಕಾಯುವಷ್ಟು ಹೊತ್ತು ಕಾಲು ಕಟ್ಟಿಕೊಂಡು ಓಡುವುದು. ಹನ್ನೆರಡು ಹೆಜ್ಜೆಗೆ ಬಚ್ಚಲ ಬಾಗಿಲು. ಗಿರ್ರನೆ ತಿರುಗಿ ಮತ್ತೆ ಹನ್ನೆರಡು. ಮೂರು ವಾರ ಕೆಳಗಿನ ಮನೆಯ ಅಜ್ಜಿ ಕೋಲಿನಿಂದ ಚಾವಣಿ ಕುಟ್ಟಿದ್ದೇ ಕುಟ್ಟಿದ್ದು.

ಆಟದ ಮೇಷ್ಟ್ರು ಪಟ್ಟಿ ನೋಡಿ ಹುಬ್ಬೇರಿಸಿದರು. "ಏನಪ್ಪಾ, ಇದು ಅಮ್ಮಂದಿರ ಓಟ."

"ಗೊತ್ತು ಸಾರ್."

"ಮತ್ತೆ?"

ಅವನು ಬಾಯಿ ತೆರೆಯಲು ಪಟಾಕಿ ಬಿಡುತ್ತಾಳೆಯೇ? "ಬೆಳಿಗ್ಗೆ ನನ್ನ ಎಬ್ಬಿಸೋದು ಯಾರು ಅಂತ ಕೇಳಿ ಸಾರ್! ಬೈಯೋದು ಯಾರು ಅಂತ ಕೇಳಿ!"

ಮೇಷ್ಟ್ರು ಕೇಳಲಿಲ್ಲ. "ಸಾಲಲ್ಲಿ ನಿಂತ್ಕೊಳ್ಳಿ," ಅಂದರು.

ಸೀಟಿ ಊದಿದ್ದೇ ತಡ, ಬಿಟ್ಟ ಬಾಣ! ಉಳಿದವರು ಎರಡು ಹೆಜ್ಜೆಗೇ ಮುಗ್ಗರಿಸಿ ಒದ್ದಾಡುತ್ತಿದ್ದರೆ ಇವರಿಬ್ಬರೂ ಒಂದೇ ಮೈಯಾಗಿ ಓಡಿದರು. ಆರು, ಏಳು, ಎಂಟು! ಗೇಲಿ ಮಾಡುತ್ತಿದ್ದ ಗೆಳೆಯರು ಎದ್ದು ನಿಂತು ಕೂಗತೊಡಗಿದರು. ಹನ್ನೊಂದು, ಹನ್ನೆರಡು... ಗಿರ್ರನೆ ಇಬ್ಬರೂ ತಿರುಗಿ, ಬಂದ ದಾರಿಯಲ್ಲೇ ವಾಪಸ್ ಓಡಿದರು!

ಅಯ್ಯೋ ದೇವರೇ! ಮೈದಾನಕ್ಕೆ ಮೈದಾನವೇ ಬಿದ್ದು ಬಿದ್ದು ನಕ್ಕಿತು. ಎದುರಿಗೆ ಬರುತ್ತಿದ್ದ ಅಮ್ಮಂದಿರು ಹೆದರಿ ದಾರಿ ಬಿಟ್ಟರು. "ಅಣ್ಣಾ, ಉಲ್ಟಾ! ಉಲ್ಟಾ ಕಣೋ!" ಅಂತ ಪಟಾಕಿ ಕಿರುಚಿದಳು. ಮತ್ತೆ ತಿರುಗಿದರು. ಈ ಸಲ ಹನ್ನೆರಡು ಬಂದಾಗ ಅವನು ಅವಳ ಭುಜ ಗಟ್ಟಿಯಾಗಿ ಹಿಡಿದು, "ಇಲ್ಲಿ ಬಚ್ಚಲಿಲ್ಲ, ಓಡೇ!" ಅಂದ. ಒಬ್ಬೊಬ್ಬರನ್ನೇ ಹಿಂದೆ ಹಾಕಿದರು. ಗೆರೆ ಕೈಗೆ ಸಿಗುವಷ್ಟು ಹತ್ತಿರ ಬಂತು. ಅಷ್ಟರಲ್ಲಿ ಪಟಾಕಿಯ ಕಾಲು ತೊಡರಿ ಇಬ್ಬರೂ ಧೊಪ್ಪೆಂದು ಮಣ್ಣಿಗೆ ಬಿದ್ದರು. ಅವಳ ಮೊಣಕಾಲು ತರಚಿಹೋಯಿತು.

"ಅಮ್ಮಾ!" ಅಂತ ಚೀರಿದಳು.

ಗೆರೆಯ ಬಳಿ ನಿಂತಿದ್ದ ಹೆಂಗಸರೆಲ್ಲ ಒಟ್ಟಿಗೇ ತಿರುಗಿ ನೋಡಿದರು. ಅವರಿಗಿಂತ ಮುಂಚೆ ಅವನ ಬಾಯಿಂದ ಬಂದುಬಿಟ್ಟಿತ್ತು: "ಬಂದೆ, ಬಂದೆ!"

ಪಟಾಕಿ ಅಳು ನಿಲ್ಲಿಸಿದಳು. ಕಟ್ಟಿದ್ದ ಕಾಲುಗಳನ್ನು ನೋಡಿದಳು, ಅವನ ಮುಖ ನೋಡಿದಳು.

"ಎಲ್ಲಿಂದ ಬರ್ತೀಯೋ? ಇಲ್ಲೇ ಇದ್ದೀಯಲ್ಲ! ಏಳು, ಓಡು!"